ಸ್ವೆತೊಸ್ಲಾವ್ ರೋರಿಕ್: ತಂದೆಯ ಪರ್ವತಗಳು, ಮಗನ ಮುಖಗಳು

ಚಿತ್ರಕಾರನ ಮಗನು ಚಿತ್ರಕಾರನಾಗುವುದು ಸುಲಭವೆಂದು ತೋರುತ್ತದೆ. ಕುಂಚವೂ ಬಣ್ಣವೂ ಮನೆಯಲ್ಲಿಯೇ ಇರುತ್ತವೆ. ಆದರೆ ತಂದೆಯು ಲೋಕವಿಖ್ಯಾತನಾಗಿದ್ದ ಪಕ್ಷದಲ್ಲಿ, ಮಗನ ಪಟದಲ್ಲಿ ಜನರು ಮೊದಲು ಹುಡುಕುವುದು ತಂದೆಯ ಕೈಯನ್ನೇ. ರಷ್ಯದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬಾಳನ್ನು ಮುಗಿಸಿದ ಸ್ವೆತೊಸ್ಲಾವ್ ರೋರಿಕರು ಈ ಇಕ್ಕಟ್ಟಿನಿಂದ ಹೇಗೆ ಪಾರಾದರೆಂಬುದೇ ಇಂದಿನ ಭಾಷಣದ ವಿಷಯ.

ಅವರು ಜನಿಸಿದ್ದು 1904ರಲ್ಲಿ, ಪೀಟರ್ಸ್‌ಬರ್ಗ್ ನಗರದಲ್ಲಿ. ತಂದೆ ನಿಕೊಲಾಸ್ ರೋರಿಕರು ಆಗಲೇ ಹೆಸರಾಂತ ಕಲಾವಿದರು. ಕ್ರಾಂತಿಯಾದ 1917ರಲ್ಲಿ ಸಂಸಾರವು ಫಿನ್ಲೆಂಡಿನಲ್ಲಿದ್ದಿತು. ಅಲ್ಲಿಂದ 1919ರಲ್ಲಿ ಲಂಡನ್ನಿಗೆ, ಮರುವರ್ಷ ಅಮೆರಿಕಕ್ಕೆ. ಹುಡುಗನು ಅಲ್ಲಿ ಓದಿದ್ದು ಚಿತ್ರಕಲೆಯನ್ನಲ್ಲ, ವಾಸ್ತುಶಿಲ್ಪವನ್ನು. ತಂದೆ ತಾಯಿ ಅಣ್ಣ 1925ರಿಂದ 1928ರವರೆಗೆ ಮಧ್ಯ ಏಷ್ಯದ ಮರಳುಗಾಡುಗಳಲ್ಲಿಯೂ ಕಣಿವೆಗಳಲ್ಲಿಯೂ ಅಲೆಯುತ್ತಿದ್ದಾಗ, ಇವರು ನ್ಯೂಯಾರ್ಕಿನಲ್ಲಿದ್ದು ತಂದೆಯ ಹೆಸರಿನ ಚಿತ್ರಶಾಲೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದರು. 1931ರಲ್ಲಿ ಕುಲು ಕಣಿವೆಯ ನಗ್ಗರಿನ ಮನೆಯನ್ನು ಸೇರಿಕೊಂಡರು.

ಹಿರಿಯ ರೋರಿಕರ ಹಿಮಾಲಯವನ್ನು ಕಂಡವರಿಗೆ ಅದರ ರೀತಿಯು ಗೊತ್ತಿರುತ್ತದೆ: ನೀಲಿಯ ಮೇಲೆ ನೀಲಿಯಾಗಿ ಏರಿದ ಶಿಖರಗಳು, ಅವುಗಳ ಬುಡದಲ್ಲೆಲ್ಲೋ ಎಳ್ಳುಕಾಳಿನಷ್ಟು ಮನುಷ್ಯ. ಮಗನು ಅದೇ ಬೆಟ್ಟಗಳ ಮುಂದೆ ನಿಂತು ಆ ಮನುಷ್ಯನನ್ನು ಹತ್ತಿರಕ್ಕೆ ಕರೆದನು. ಕುಲುವಿನ ರೈತ, ಹೊರೆ ಹೊತ್ತ ಹೆಂಗಸು, ಕೊಳಲೂದುವ ಹುಡುಗ. ಪರ್ವತವೇನೋ ಉಂಟು, ಆದರೆ ಅದು ಹಿಂದಕ್ಕೆ ಸರಿದಿದೆ. ಭಾವಚಿತ್ರದಲ್ಲಿ ಅವರಿಗೆ ವಿಶೇಷವಾದ ಹಿಡಿತವಿತ್ತು. ತಂದೆಯನ್ನೇ ಹಲವು ಬಾರಿ ಚಿತ್ರಿಸಿದರು. ನೆಹರೂ ಅವರು 1942ರಲ್ಲಿ ನಗ್ಗರಿನಲ್ಲಿ ಅತಿಥಿಗಳಾಗಿದ್ದಾಗ ಅವರ ಚಿತ್ರವನ್ನೂ ಬರೆದರು. ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿ ತೂಗುಹಾಕಿದ ನೆಹರೂ ಭಾವಚಿತ್ರವೂ ಇವರದೇ.

ಅವರಿಗೆ ಪ್ರಿಯವಾದ ಸಾಧನ ಟೆಂಪೆರಾ. ಬಣ್ಣದ ಪುಡಿಯನ್ನು ಎಣ್ಣೆಗೆ ಬದಲಾಗಿ ಮೊಟ್ಟೆಯ ಲೋಳೆಯಂಥ ಅಂಟಿನಲ್ಲಿ ಕಲಸುವ ಹಳೆಯ ಕ್ರಮವದು. ಬೇಗ ಒಣಗುತ್ತದೆ, ಬಣ್ಣವು ಮಬ್ಬಾಗದೆ ಉಳಿಯುತ್ತದೆ. ಕೆಂಪು ಹಳದಿಗಳು ಕಣ್ಣು ಕುಕ್ಕುತ್ತವೆಂಬ ಆಕ್ಷೇಪವನ್ನು ಕೆಲವರು ಹೇಳಿಯಾರು. ಕೆಲವು ಪಟಗಳ ಮಟ್ಟಿಗೆ ನನಗೂ ಹಾಗೆಯೇ ತೋರಿದೆ. ಆದರೆ ವೈಶಾಖದ ಸಂಜೆಯಲ್ಲಿ ನಮ್ಮ ಬಯಲುಸೀಮೆಯ ಕೆಮ್ಮಣ್ಣನ್ನು ನೋಡಿದವನು ಆ ಬಣ್ಣಗಳನ್ನು ಸುಳ್ಳೆನ್ನಲಾರ.

ಚಲಚ್ಚಿತ್ರ ನಟಿ ದೇವಿಕಾರಾಣಿಯವರನ್ನು 1945ರಲ್ಲಿ ವಿವಾಹವಾದರು. ತಂದೆಯು 1947ರಲ್ಲಿ ತೀರಿಕೊಂಡ ಬಳಿಕ ದಂಪತಿಗಳು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲಸಿದರು. ಸುಗಂಧ ತೈಲವನ್ನೀಯುವ ಲಿನಲೋ ಮರಗಳನ್ನು ಬೆಳೆಸುತ್ತ, ಚಿತ್ರ ಬರೆಯುತ್ತ ಕಾಲ ಕಳೆದರು. ಮಾಸ್ಕೋ, ಲೆನಿನ್‌ಗ್ರಾಡ್ ನಗರಗಳಲ್ಲಿ ಅವರ ಚಿತ್ರಗಳು ಪ್ರದರ್ಶಿತವಾದದ್ದು 1960ರಲ್ಲಿ. ಬಾಲಕನಾಗಿ ಬಿಟ್ಟ ಊರಿಗೆ ಐವತ್ತೈದು ದಾಟಿದ ಚಿತ್ರಕಾರನ ಪಟಗಳು ಹೋದಾಗ, ಅಲ್ಲಿನವರು ಅವುಗಳಲ್ಲಿ ಕಂಡದ್ದು ಭಾರತವನ್ನು. 1961ರಲ್ಲಿ ಭಾರತ ಸರ್ಕಾರವು ಪದ್ಮಭೂಷಣವನ್ನಿತ್ತಿತು. 1993ರ ಜನವರಿಯಲ್ಲಿ ಅವರು ನಿಧನರಾದರು, ಮರುವರ್ಷ ದೇವಿಕಾರಾಣಿಯವರೂ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ತಂದೆ ಮಕ್ಕಳಿಬ್ಬರ ಚಿತ್ರಗಳೂ ಇವೆ. ಹೋದವರು ಮೊದಲು ತಂದೆಯ ಒಂದು ಶಿಖರದ ಮುಂದೆ ಸ್ವಲ್ಪ ಹೊತ್ತು ನಿಂತು, ಅನಂತರ ಮಗನ ಒಂದು ಮುಖದ ಮುಂದೆ ನಿಲ್ಲುವುದು ಒಳ್ಳೆಯದು.