ಎಲೆಗೆ ಬೆಂಕಿ, ಎದೆಗೆ ದಮ್ಮು

ಚಳಿ ಹಿಂದೆಗೆದು ಬಿಸಿಲು ಏರತೊಡಗಿದಂತೆ ನಮ್ಮ ಹೊಸಪೇಟೆಯ ಬೇವು, ಹೊಂಗೆ, ಬಾದಾಮಿ ಮರಗಳು ಎಲೆ ಉದುರಿಸುತ್ತವೆ. ಅದೇ ವಾರಗಳಲ್ಲಿ ದಮ್ಮು ಎಂದು ನನ್ನ ಬಳಿಗೆ ಬರುವವರೂ ಹೆಚ್ಚುತ್ತಾರೆ. ಎರಡಕ್ಕೂ ಏನು ಸಂಬಂಧವೆಂದು ಕೇಳುವಿರಾ? ನಡುವೆ ಒಂದು ಬೆಂಕಿಕಡ್ಡಿ ಇದೆ.

ಕೆಲವು ವರ್ಷಗಳ ಹಿಂದೆ ಕಂಪ್ಲಿ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. 'ದಿನಾ ಮುಂಜಾನಿ ಏಳಕ್ಕ ಎದಿ ಹಿಡ್ಕಂತೈತ್ರಿ, ಬಿಸ್ಲು ಏರಿದ ಮ್ಯಾಲೆ ಸರಿ ಹೋಗತೈತಿ' ಎಂದರು. ಇನ್‌ಹೇಲರ್ ತಪ್ಪಿಸುತ್ತಿರಲಿಲ್ಲ. ನಾನು ಎರಡು ಸಲ ಔಷಧಿ ಬದಲಿಸಿದೆ. ಮೊಮ್ಮಗ ಅಂಗಳದ ಕಸಕ್ಕೆ ಬೆಂಕಿ ಹಚ್ಚುವಾಗ ಅವರು ಪಕ್ಕದ ಕಟ್ಟೆಯ ಮೇಲೆ ಕೂತಿರುತ್ತಾರೆಂಬುದು ಮೂರನೆಯ ಭೇಟಿಯಲ್ಲಷ್ಟೇ ತಿಳಿಯಿತು. ತಪ್ಪು ನನ್ನದೇ, ಮೊದಲ ದಿನವೇ ಕೇಳಬೇಕಿತ್ತು.

ಅಂಗಳದ ಎಲೆರಾಶಿ ಧಗಧಗನೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನಿಲವಿರುತ್ತದೆ, ಬೆಂಜೀನ್ ಇರುತ್ತದೆ, 2.5 ಮೈಕ್ರಾನಿಗಿಂತ ಚಿಕ್ಕ ಕಣಗಳಿರುತ್ತವೆ. ಈ ಕಣಗಳು ಮೂಗಿನ ಕೂದಲಿಗೆ ಸಿಗದೆ ನೇರ ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಬೆಳಗಿನ ಹೊತ್ತು ನೆಲದ ಬಳಿಯ ಗಾಳಿ ತಣ್ಣಗೆ ಕುಳಿತಿರುವುದರಿಂದ ಹೊಗೆ ಮೇಲೇರದೆ ಓಣಿಯಲ್ಲೇ ನಿಲ್ಲುತ್ತದೆ. ಕಸದಲ್ಲಿ ಪ್ಲಾಸ್ಟಿಕ್ ಸೇರಿದ್ದರೆ ಕೇಳುವುದೇ ಬೇಡ. ಕಣಗಿಲೆ ಕಡ್ಡಿಗಳನ್ನಂತೂ ಸುಡಲೇಬೇಡಿ, ಅದರ ಹೊಗೆಯೂ ವಿಷ. ಸಂಡೂರಿನವರ ಎದೆಗೆ ಗಣಿಯ ಧೂಳು ಮೊದಲೇ ಇದೆ. ಅದನ್ನು ತಡೆಯುವುದು ಒಬ್ಬಿಬ್ಬರ ಕೈಯಲ್ಲಿಲ್ಲ, ಅಂಗಳದ ಹೊಗೆ ಮಾತ್ರ ನಮ್ಮ ಕೈಯಲ್ಲೇ ಇದೆ. ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿತು. ಆದರೂ ಹೊಗೆ ಏಳುತ್ತಲೇ ಇದೆ.

ಹಾಗಾದರೆ ಎಲೆಯನ್ನೇನು ಮಾಡುವುದು? ಸುಲಭವಾದದ್ದು ಹೊದಿಕೆ. ದಾಸವಾಳ, ಕರಿಬೇವು, ತೆಂಗಿನ ಬುಡದ ಸುತ್ತ ನಾಲ್ಕು ಬೆರಳು ದಪ್ಪ ಒಣ ಎಲೆ ಹರಡಿ; ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಕೊಳೆತೀತು. ನಮ್ಮ ಬೇಸಿಗೆಯಲ್ಲಿ ನೆಲದ ತೇವ ಉಳಿದು ನೀರು ಹಾಕುವ ಕೆಲಸ ಕಡಿಮೆಯಾಗುತ್ತದೆ. ಕಂಪ್ಲಿಯ ಕಬ್ಬಿನ ಗದ್ದೆಗಳಲ್ಲಿ ರವದಿಗೂ ಇದೇ ಮಾತು. ಸುಡುವ ಬದಲು ಸಾಲಿನ ನಡುವೆ ಹಾಸಿದರೆ ಅಲ್ಲೇ ಗೊಬ್ಬರವಾಗುತ್ತದೆ.

ಎಲೆ ಹೆಚ್ಚಿದ್ದರೆ ಗುಂಡಿ ತೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ವಿಧಾನಕ್ಕೆ 'ಬೆಂಗಳೂರು ಪದ್ಧತಿ' ಎಂದೇ ಹೆಸರು. ಮನೆಯ ಅಳತೆಗೆ ಅದನ್ನು ಹೀಗೆ ಇಳಿಸಿಕೊಳ್ಳಬಹುದು: ಮೂರಡಿ ಆಳದ ಗುಂಡಿಯಲ್ಲಿ ಅರ್ಧ ಅಡಿ ಎಲೆ, ಅದರ ಮೇಲೆ ಎರಡಿಂಚು ಸಗಣಿ ಅಥವಾ ತರಕಾರಿ ಸಿಪ್ಪೆ, ಮತ್ತೆ ಎಲೆ. ಬರೀ ಒಣ ಎಲೆ ಬೇಗ ಕೊಳೆಯದು. ಅದರಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಸಗಣಿ ಆ ಕೊರತೆ ತುಂಬುತ್ತದೆ. ಕಮಲಾಪುರ, ಹಂಪಿ ಕಡೆಯ ತೋಟದವರು ಬಾಳೆ ದಿಂಡನ್ನು ಕೊಚ್ಚಿ ಸೇರಿಸಬಹುದು. ಕಾಂಗ್ರೆಸ್ ಕಳೆಯನ್ನು ಹೂ ಬಿಡುವ ಮೊದಲೇ ಕಿತ್ತು ಹಾಕಿ, ಕೈಗೆ ಗ್ಲೌಸ್ ಇರಲಿ. ಅದು ಚರ್ಮಕ್ಕೂ ಮೂಗಿಗೂ ಕೆಟ್ಟದ್ದು. ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವವಿರಲಿ. ಮೇಲೆ ಮಣ್ಣು ಮೆತ್ತಿಬಿಟ್ಟರೆ ನೊಣವಿಲ್ಲ, ವಾಸನೆಯಿಲ್ಲ, ತಿರುವುವ ಗೋಜೂ ಇಲ್ಲ. ಆರೆಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ಅವಸರವಿದ್ದವರು ಮಣ್ಣು ಮೆತ್ತದೆ ಹದಿನೈದು ದಿನಕ್ಕೊಮ್ಮೆ ತಿರುವಿದರೆ ಮೂರು ನಾಲ್ಕು ತಿಂಗಳು ಸಾಕು.

ಆ ಅಜ್ಜಿಯ ಮನೆಯಲ್ಲಿ ಈಗ ಹಿತ್ತಿಲಲ್ಲಿ ಗುಂಡಿಯಿದೆ. ದಮ್ಮು ಪೂರ್ತಿ ಹೋಗಿಲ್ಲ, ಹೋಗುವ ಕಾಯಿಲೆಯೂ ಅಲ್ಲ. ಮುಂಜಾನೆಯ ಆ ಹಿಡಿತ ಮಾತ್ರ ನಿಂತಿದೆ.

ವೈದ್ಯನಾಗಿ ಇನ್ನೆರಡು ಮಾತು. ಗೊಬ್ಬರ ತಿರುವುವಾಗ ಬೂಷ್ಟಿನ ಕಣಗಳು ಏಳುತ್ತವೆ; ದಮ್ಮು ಇರುವವರು ಆ ಕೆಲಸವನ್ನು ಬೇರೆಯವರಿಗೆ ಬಿಡಿ. ಎಲೆರಾಶಿಯ ನಡುವೆ ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಲೋಟ ಬಿಡಬೇಡಿ, ಮಳೆನೀರು ನಿಂತರೆ ಡೆಂಗಿ ಸೊಳ್ಳೆಗೆ ಅದೇ ತೊಟ್ಟಿಲು. ರಾಶಿ ಬಾಗಿಲಿಗೆ ದೂರವಿರಲಿ. ಅದರೊಳಗೆ ಚೇಳು, ಹಾವು ಅಡಗಿರಬಹುದು; ಬರಿಗೈ ಹಾಕದೆ ಕೋಲಿನಿಂದ ಕೆದಕಿ, ಕಾಲಿಗೆ ಬೂಟು ಹಾಕಿ. ಸಕ್ಕರೆ ಕಾಯಿಲೆಯವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ, ಅವರಿಗೆ ಬೂಟು ಇನ್ನೂ ಮುಖ್ಯ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಭಾಗವನ್ನು ಅಲುಗಾಡಿಸದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.