ಪ್ರತಿವಾದಿ ಎಂದರೆ ತಪ್ಪಿತಸ್ಥೆ ಅಲ್ಲ

ಬೆಟಗೇರಿಯ ನಿಮ್ಮ ಮನೆ ಬಾಗಿಲಿಗೆ ಕೋರ್ಟಿನ ಬೇಲೀಫ ಬಂದು, ಕಾಗದ ಕೊಟ್ಟು ಸಹಿ ಕೇಳಿದ ಎಂದಿಟ್ಟುಕೊಳ್ಳಿ. ಬಿಡಿಸಿ ನೋಡಿದರೆ ಮೇಲೆ 'ವಾದಿ' ಎಂದು ಲಕ್ಷ್ಮೇಶ್ವರದಲ್ಲಿರುವ ಅಣ್ಣನ ಹೆಸರು, ಕೆಳಗೆ 'ಪ್ರತಿವಾದಿ ನಂ. 4' ಎಂದು ನಿಮ್ಮ ಹೆಸರು! ಎದೆ ಧಸಕ್ ಅನ್ನದೆ ಇದ್ದೀತೆ? "ನಾ ಏನ್ ತಪ್ಪು ಮಾಡೇನಿ? ಅಣ್ಣ ನನ್ನ ಮ್ಯಾಲೆ ಕೇಸ್ ಹಾಕ್ಯಾನಲ್ಲ!" ಎಂದು ಕಣ್ಣೀರು ಹಾಕುವವರೇ ಹೆಚ್ಚು. ಕೆಲವರಂತೂ ಕಾಗದವನ್ನು ಟ್ರಂಕಿನ ತಳಕ್ಕೆ ಹಾಕಿ, ಗಂಡನಿಗೂ ಹೇಳದೆ ಸುಮ್ಮನಾಗಿಬಿಡುತ್ತಾರೆ. ಹೆದರುವ ಕಾರಣವಿಲ್ಲ. ಆದರೆ ಸುಮ್ಮನಿರುವುದು ಮಾತ್ರ ಬೇಡ.

ಯಾರು ಯಾರು?

ಆಸ್ತಿ, ಸಾಲ, ಬಾಡಿಗೆಯಂಥ ವಿಷಯಕ್ಕೆ ಹಾಕುವುದು ಸಿವಿಲ್ ದಾವೆ. ದಾವೆ ಹೂಡಿದವರು ವಾದಿ. ಯಾರ ಮಾತನ್ನೂ ಕೇಳಬೇಕೆಂದು ಕೋರ್ಟು ಕರೆಯುತ್ತದೋ ಅವರು ಪ್ರತಿವಾದಿ. ಇಬ್ಬರೂ ಆ ದಾವೆಯ ಕಕ್ಷಿದಾರರೇ. ನಮ್ಮ ಕಡೆ ವಕೀಲರು 'ಪಕ್ಷಗಾರರು' ಎನ್ನುವುದೂ ಉಂಟು. ಆರೋಪಿ ಎಂಬ ಶಬ್ದ ಬರುವುದು ಅಪರಾಧದ ಪ್ರಕರಣದಲ್ಲಿ. ಸಿವಿಲ್ ದಾವೆಯ ಪ್ರತಿವಾದಿಯ ಮೇಲೆ ಅಂಥ ಕಳಂಕ ಯಾವುದೂ ಇಲ್ಲ.

ಅರ್ಜಿಯ ರೂಪದಲ್ಲಿ ಹೋಗುವ ವಿಚ್ಛೇದನದಂಥ ಪ್ರಕರಣಗಳಲ್ಲಿ ಅರ್ಜಿದಾರ, ಎದುರುದಾರ ಎನ್ನುತ್ತಾರೆ. ಮೇಲಿನ ಕೋರ್ಟಿಗೆ ಹೋದವರು ಮೇಲ್ಮನವಿದಾರರು.

ನಮ್ಮ ಭಾಗದ ಕೋರ್ಟು ಮಾತಿನಲ್ಲಿ ಇನ್ನೂ ಕೆಲವು ಹಳೆಯ ಶಬ್ದಗಳಿವೆ. ಪಾಲಿಗೆ ಹಿಸ್ಸೆ ಅಥವಾ ವಾಟ್ನಿ, ಪ್ರತಿವಾದಿಯ ಲಿಖಿತ ಉತ್ತರಕ್ಕೆ ಕೈಫಿಯತ್ತು, ಪಹಣಿಗೆ ಉತಾರ. ಹಿಂದೆ ಗದಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದವು. ಆ ಆಡಳಿತದ ಮಾತುಗಳು 1956ರ ಏಕೀಕರಣದ ನಂತರವೂ, 1997ರಲ್ಲಿ ಗದಗ ಜಿಲ್ಲೆಯಾದ ಮೇಲೂ ಉಳಿದುಕೊಂಡು ಬಂದಿವೆ. ವಕೀಲರು "ಕೈಫಿಯತ್ತು ಕೊಡೂಣು" ಅಂದರೆ ಗಾಬರಿಯಾಗಬೇಡಿ, ನಿಮ್ಮ ಉತ್ತರ ಬರೆದು ಕೊಡೋಣ ಎಂದಷ್ಟೇ ಅರ್ಥ.

ಅಣ್ಣ ನನ್ನ ಹೆಸರು ಯಾಕೆ ಹಾಕಿದ?

ಪಾಲಿನ ದಾವೆಯಲ್ಲಿ ಪಾಲಿರುವ ಎಲ್ಲರನ್ನೂ ಕಕ್ಷಿದಾರರನ್ನಾಗಿ ಮಾಡಲೇಬೇಕು. ಒಬ್ಬರನ್ನು ಬಿಟ್ಟರೂ ದಾವೆಯೇ ಬಿದ್ದುಹೋಗಬಹುದು. ಮುಂಡರಗಿಯ ಹೊಲಕ್ಕಾಗಿ ಜಗಳ ಇಬ್ಬರು ಅಣ್ಣತಮ್ಮಂದಿರದೇ ಇರಬಹುದು. ಆದರೂ ಅಕ್ಕತಂಗಿಯರ ಹೆಸರು ಬರುತ್ತದೆ. ಅಂದರೆ, ನಿಮ್ಮ ಹೆಸರು ಅಲ್ಲಿರುವುದೇ ಆ ಆಸ್ತಿಯಲ್ಲಿ ನಿಮ್ಮ ಮಾತಿಗೂ ಜಾಗವಿದೆ ಎಂಬುದರ ಗುರುತು. ಪಾಲಿನ ದಾವೆಯಲ್ಲಿ ಪ್ರತಿವಾದಿಯೂ ನಿಗದಿತ ಕೋರ್ಟು ಶುಲ್ಕ ತುಂಬಿ, "ನನ್ನ ಪಾಲು ನನಗೆ ಬೇರೆ ಮಾಡಿ ಕೊಡಿ" ಎಂದು ಕೇಳಬಹುದು. ಅದಕ್ಕೆ ಬೇರೆ ದಾವೆ ಹೂಡಬೇಕಿಲ್ಲ.

ಪ್ರತಿವಾದಿಗಳಾಗಿದ್ದೇ ಗೆದ್ದವರು

ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ 'ದಾನಮ್ಮ ವಿರುದ್ಧ ಅಮರ್' ಪ್ರಕರಣ ನೋಡಿ. ತಂದೆ 2001ರಲ್ಲಿ ತೀರಿಕೊಂಡರು. ಹಿಂದೆ ಉಳಿದವರು ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. 2002ರಲ್ಲಿ ಮೊಮ್ಮಗ ಪಾಲಿಗೆ ದಾವೆ ಹೂಡಿ, ಸೋದರತ್ತೆಯರಿಗೆ ಪಾಲಿಲ್ಲ ಎಂದ. ಅವರು 1956ರ ಕಾಯ್ದೆಗಿಂತ ಮೊದಲು ಹುಟ್ಟಿದವರು, ಮದುವೆಯಲ್ಲಿ ಬಂಗಾರ, ಹಣ ತೆಗೆದುಕೊಂಡಿದ್ದಾರೆ ಎಂಬುದು ಅವನ ವಾದ. ಕೇಳಿದ ಮಾತು ಅನ್ನಿಸುತ್ತದೆ, ಅಲ್ಲವೇ?

ಹೆಣ್ಣುಮಕ್ಕಳು ಕೈಕಟ್ಟಿ ಕೂಡಲಿಲ್ಲ, ತಮ್ಮ ಪಾಲು ಕೇಳಿದರು. ಕೆಳಗಿನ ಕೋರ್ಟು 2007ರಲ್ಲಿ, ಹೈಕೋರ್ಟು 2012ರಲ್ಲಿ ಇಲ್ಲ ಎಂದವು. ಅವರೇ ಮೇಲ್ಮನವಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಎದುರುದಾರನಾದವನು ಸೋದರಳಿಯ! 2018ರ ಫೆಬ್ರವರಿ 1ರಂದು ಇಬ್ಬರಿಗೂ ತಲಾ ಐದನೇ ಒಂದು ಪಾಲು ಸಿಕ್ಕಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಉಳಿದ ಗೊಂದಲವನ್ನೂ ಬಗೆಹರಿಸಿತು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕೆಂದಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿ ಪತ್ರದಿಂದಲೋ ಕೋರ್ಟು ಡಿಕ್ರಿಯಿಂದಲೋ ಆದ ಪಾಲುಪಟ್ಟಿಯನ್ನು ಈ ಹಕ್ಕು ಕದಲಿಸುವುದಿಲ್ಲ.

ಸಮನ್ಸ್ ಬಂದರೆ ಹೀಗೆ ಮಾಡಿ

• ಕಾಗದ ತೆಗೆದುಕೊಳ್ಳಿ. ನಿರಾಕರಿಸಿದರೆ ಮುಟ್ಟಿದೆ ಎಂದೇ ಕೋರ್ಟು ಪರಿಗಣಿಸಬಹುದು. ಸಹಿ ಹಾಕಿದರೆ ಕಾಗದ ತಲುಪಿದೆ ಎಂದಷ್ಟೇ ಅರ್ಥ, ವಾದಿ ಹೇಳಿದ್ದನ್ನು ಒಪ್ಪಿದಂತಲ್ಲ.

• ಕೈಗೆ ಬಂದ ತಾರೀಕು, ಕೋರ್ಟಿನ ಹೆಸರು, ದಾವೆಯ ನಂಬರು, ಹಾಜರಾಗಬೇಕಾದ ದಿನ ಬರೆದಿಟ್ಟುಕೊಳ್ಳಿ. ಜೊತೆಗಿರುವ ದಾವಾ ಅರ್ಜಿಯ ನಕಲನ್ನು ಓದಿಸಿ ಕೇಳಿ.

• ಕೈಫಿಯತ್ತಿಗೆ ಇರುವ ಅವಧಿ ಸಮನ್ಸ್ ಮುಟ್ಟಿದ ದಿನದಿಂದ 30 ದಿನ. ಕಾರಣ ತೋರಿಸಿದರೆ ಕೋರ್ಟು 90 ದಿನದವರೆಗೆ ಹೆಚ್ಚಿಸಬಹುದು.

• ಹಾಜರಾಗದಿದ್ದರೆ ಏಕಪಕ್ಷೀಯ ತೀರ್ಪು ಬರಬಹುದು. ಅದನ್ನು ರದ್ದುಮಾಡಿಸಲು ತಕ್ಕ ಕಾರಣ ತೋರಿಸಬೇಕು, ಅದಕ್ಕೂ ಅವಧಿಯಿದೆ.

• "ನಮ್ಮ ವಕೀಲರ ನಿನಗೂ ನಿಲ್ತಾರ, ಇಲ್ಲೊಂದು ಸಹಿ ಹಾಕವಾ" ಎಂದು ತಮ್ಮ ವಕಾಲತ್ತು ತಂದರೆ ತಡೆಯಿರಿ. ಅವನ ಹಿತವೂ ನಿಮ್ಮ ಹಿತವೂ ಒಂದೇನಾ ಎಂದು ಮೊದಲು ನೋಡಿಕೊಳ್ಳಿ.

• ಲೋಕ ಅದಾಲತ್ತಿನಲ್ಲಿ ರಾಜಿ ಒಳ್ಳೆಯದೇ. ಆದರೆ ಅಲ್ಲಿ ಆದ ರಾಜಿಯ ಮೇಲೆ ಮೇಲ್ಮನವಿ ಇಲ್ಲ. ಓದಿ, ತಿಳಿದು ಸಹಿ ಮಾಡಿ.

ವಕೀಲರ ಫೀಸಿಗೆ ಎಲ್ಲಿ ತರೋದು ಅಂತೀರಾ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಆದಾಯದ ಮಿತಿಯೇ ಇಲ್ಲ. ಗದಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಬಹುದು. ರಾಷ್ಟ್ರೀಯ ಸಹಾಯವಾಣಿ 15100.

ತವರಿನ ಋಣ ದೊಡ್ಡದು, ನಿಜ. ಪಂಚಮಿಗೆ ಕರೆಯಲು ಬರುವ ಅಣ್ಣ ಬೇಕು, ಅವ್ವನ ಮನೆಯ ಬಾಗಿಲು ತೆರೆದಿರಬೇಕು. ಅದಕ್ಕಾಗಿ ಪಾಲು ಬಿಟ್ಟುಕೊಡುವುದಾದರೆ ಅದು ನಿಮ್ಮ ಇಷ್ಟ. ಆದರೆ ಬಿಡುವುದು ಏನೆಂದು ತಿಳಿದು ಬಿಡಿ. ಒಂದು ಶಬ್ದಕ್ಕೆ ಅಂಜಿ, ಕಾಗದ ಮುಚ್ಚಿಟ್ಟು ಕಳೆದುಕೊಂಡರೆ ಅದು ತ್ಯಾಗವಾಗುವುದಿಲ್ಲ.