ಮಕ್ಕಳ ಜೀರ್ಣರೋಗ ಮತ್ತು ‘ಡಿ’ ಜೀವಸತ್ತ್ವ

ಬಿಸಿಲಿಗೆ ಬರವಿಲ್ಲದ ನಾಡಿನಲ್ಲಿ ‘ಡಿ’ ಜೀವಸತ್ತ್ವದ ಕೊರತೆಯೇ ಎಂದು ಹಲವರು ಅಚ್ಚರಿಪಡುತ್ತಾರೆ. ಕೊಲ್ಕತ್ತಾದ ನಮ್ಮ ಮಕ್ಕಳ ದಿನಚರಿಯನ್ನೇ ನೋಡಿ: ಫ್ಲ್ಯಾಟಿನಿಂದ ಶಾಲೆಗೆ, ಶಾಲೆಯಿಂದ ಟ್ಯೂಷನ್ನಿಗೆ. ಮಳೆಗಾಲದಲ್ಲಿ ಮೋಡ, ಚಳಿಗಾಲದಲ್ಲಿ ಹೊಗೆಮಂಜು. ಆರೋಗ್ಯವಂತ ಮಕ್ಕಳಲ್ಲೇ ಈ ಕೊರತೆ ಸಾಮಾನ್ಯವಾಗಿರುವಾಗ, ಕರುಳು ಅಥವಾ ಯಕೃತ್ತಿನ ದೀರ್ಘಕಾಲದ ಕಾಯಿಲೆಯುಳ್ಳ ಮಕ್ಕಳ ಪಾಡೇನು?

‘ಡಿ’ ಜೀವಸತ್ತ್ವವು ಕೊಬ್ಬಿನಲ್ಲಿ ಕರಗುವಂಥದು. ಆಹಾರದಿಂದ ಅದು ರಕ್ತವನ್ನು ಸೇರಲು ಪಿತ್ತರಸ, ಮೇದೋಜೀರಕ ಗ್ರಂಥಿಯ ರಸ ಮತ್ತು ಸಣ್ಣ ಕರುಳಿನ ಆರೋಗ್ಯಕರ ಒಳಪದರ ಮೂರೂ ಬೇಕು. ಸೀಲಿಯಾಕ್ ರೋಗವಿರುವವರಲ್ಲಿ ಗೋಧಿಯ ಗ್ಲುಟೆನ್ ಈ ಒಳಪದರ ಹಾಳಾಗಲು ಕಾರಣವಾಗುತ್ತದೆ. ಕ್ರೋನ್ಸ್ ರೋಗದಲ್ಲಿ ಕರುಳು ಉರಿಯೂತದಿಂದ ಬಳಲುತ್ತದೆ. ಪಿತ್ತನಾಳ ಮುಚ್ಚಿದ್ದರೆ ಪಿತ್ತರಸವೇ ಕರುಳನ್ನು ತಲುಪದು. ಬ್ಯಾಂಕಿನವನಾದ ನನ್ನ ಮಾತಿನಲ್ಲಿ ಹೇಳುವುದಾದರೆ, ಚೆಕ್ಕು ಕೊಟ್ಟದ್ದಾಯಿತು, ಹಣ ಮಾತ್ರ ಖಾತೆಗೆ ಜಮೆಯಾಗಲಿಲ್ಲ.

ಪರಿಣಾಮ ಮೂಳೆಯ ಮೇಲೆ. ‘ಡಿ’ ಸಾಲದಿದ್ದರೆ ಕ್ಯಾಲ್ಸಿಯಂ ಸಹ ಮೈಗೆ ಹತ್ತದು. ಬೆಳೆಯುವ ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ಬರಬಹುದು. ಉರಿಯೂತಕ್ಕೆ ಬಹುಕಾಲ ಕೊಡುವ ಸ್ಟೀರಾಯ್ಡ್ ಔಷಧವೂ ಮೂಳೆಯನ್ನು ಸವೆಸುತ್ತದೆ. ಆದುದರಿಂದ ಇಂಥ ಮಕ್ಕಳ ಕಾಲುನೋವನ್ನು ‘ಬೆಳೆಯುವ ವಯಸ್ಸಿನ ನೋವು’ ಎಂದು ತಳ್ಳಿಹಾಕಬಾರದು.

ರಕ್ತಪರೀಕ್ಷೆಯಿಂದ ಕೊರತೆಯನ್ನು ತಿಳಿಯಬಹುದು. ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ 2021ರ ಪರಿಷ್ಕೃತ ಮಾರ್ಗಸೂಚಿಯಂತೆ ಒಂದು ಮಿಲಿಲೀಟರ್ ರಕ್ತದ್ರವದಲ್ಲಿ 20 ನ್ಯಾನೋಗ್ರಾಂಗಿಂತ ಹೆಚ್ಚಿದ್ದರೆ ಸಾಕು. 12ಕ್ಕಿಂತ ಕಡಿಮೆಯಾದರೆ ಕೊರತೆ. ಹೀರಿಕೆಯ ದೋಷವುಳ್ಳವರಿಗೆ ಸಾಮಾನ್ಯ ಪ್ರಮಾಣದ ಎರಡು ಮೂರು ಪಟ್ಟು ಔಷಧ ಬೇಕಾಗುವುದುಂಟು. ಹಾಗೆಂದು ಅಂಗಡಿಯಿಂದ 60,000 ಯೂನಿಟ್ಟಿನ ಪೊಟ್ಟಣ ತಂದು ನಾವೇ ಕೊಡುವುದು ತರವಲ್ಲ. ಹೆಚ್ಚಾದ ‘ಡಿ’ ದೇಹದಲ್ಲಿ ಸಂಗ್ರಹವಾಗಿ, ರಕ್ತದ ಕ್ಯಾಲ್ಸಿಯಂ ಏರಿ, ಮೂತ್ರಪಿಂಡಕ್ಕೆ ಹಾನಿಯಾದೀತು. ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ನಮ್ಮ ನಗರದಲ್ಲಿ 1956ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಚೈಲ್ಡ್ ಹೆಲ್ತ್ ಇದೆ. ಎಸ್‌ಎಸ್‌ಕೆಎಂ ಆಸ್ಪತ್ರೆಯಲ್ಲಿ ಜೀರ್ಣಾಂಗ ಮತ್ತು ಯಕೃತ್ತಿನ ರೋಗಗಳಿಗೆ ಪ್ರತ್ಯೇಕ ಕೇಂದ್ರವೂ ಇದೆ.

ಸಮಾಧಾನದ ಸಂಗತಿಯೊಂದುಂಟು. ಬಿಸಿಲಿನಿಂದ ಚರ್ಮದಲ್ಲಿ ಉಂಟಾಗುವ ‘ಡಿ’ ಕರುಳಿನ ದಾರಿ ಕಾಯುವುದಿಲ್ಲ. ಆದರೆ ಮುಂಜಾನೆಯ ಎಳೆಬಿಸಿಲಿಗಿಂತ ಹತ್ತರಿಂದ ಮೂರು ಗಂಟೆಯೊಳಗಿನ ಬಿಸಿಲೇ ಇದಕ್ಕೆ ಉಪಯುಕ್ತ. ಗಾಜಿನ ಕಿಟಕಿಯ ಹಿಂದೆ ಕುಳಿತರೆ ಫಲವಿಲ್ಲ. ಔಷಧದ ಜೊತೆಗೆ ಇದು ನೆರವು, ಔಷಧಕ್ಕೆ ಬದಲಿಯಲ್ಲ.

ನಮ್ಮ ರಾಗಿಯಲ್ಲಿ ‘ಡಿ’ ಇಲ್ಲದಿದ್ದರೂ ಕ್ಯಾಲ್ಸಿಯಂ ಹೇರಳ, ಗ್ಲುಟೆನ್ ಇಲ್ಲ. ಸೀಲಿಯಾಕ್ ಇರುವ ಮಗುವಿಗೆ ಇದು ಒಳ್ಳೆಯ ಆಹಾರ. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿಯನ್ನೂ ಬೀಸಿಸದಂತೆ ಮಾತ್ರ ಎಚ್ಚರ ವಹಿಸಬೇಕು. ಮಗುವಿಗೆ ಏನು ಕೊಟ್ಟೆವು ಎಂಬುದಷ್ಟೇ ಲೆಕ್ಕವಲ್ಲ, ಅದರ ದೇಹಕ್ಕೆ ಎಷ್ಟು ಸೇರಿತು ಎಂಬುದೇ ನಿಜವಾದ ಲೆಕ್ಕ.